ಭಾಗ್ಯಾಳ ಮೊದಲ ಕಂತು

ಆಗಸ್ಟ್ 11, 2025. ಸೋಮವಾರ

ಅಂಗನವಾಡಿಯಲ್ಲಿ ಮಕ್ಕಳ ತೂಕ ಮುಗಿಯಿತು. ಆಹಾರ ಕೊಡುವ ಮೊದಲು ಗುರುತಿಗೆ ಬಸುರಿಯರ ಮುಖ ಫೋನಿಗೆ ತೋರಿಸುವ ಕೆಲಸ ಮುಗಿಯಲಿಲ್ಲ. ಆ್ಯಪ್ ಒಬ್ಬಳನ್ನು ಗುರುತಿಸಿತು. ಉಳಿದ ಮೂವರು ಬೇರೆ ಯಾರೋ ಅಂತೆ. ಕಣ್ಣು ಮಿಟುಕಿಸು ಅನ್ನುತ್ತದೆ, ಮಿಟುಕಿಸಿದರೆ ಮತ್ತೆ ಮಿಟುಕಿಸು ಅನ್ನುತ್ತದೆ. ಹಲೀಮಾಬಿ ಒಲೆಯ ಮುಂದಿನಿಂದಲೇ, “ಕಟಗೊಂಡ ಗಂಡ ಗುರುತ ಹಿಡಿಯಂಗಿಲ್ಲ, ಈ ಡಬ್ಬಿ ಹಿಡೀತೈತೇನ್ರಿ ಅಕ್ಕೋರ?” ಅಂದಳು. ಸಹಾಯಕಿ ಅಂತ ಸರಕಾರ ಅವಳನ್ನು ಅಡುಗೆಗೆ ಕೊಟ್ಟಿದೆ. ಬಾಯಿ ಮಾತ್ರ ಅವಳ ಸ್ವಂತದ್ದು.

ಹನ್ನೊಂದಕ್ಕೆ ಹೊರಗೆ ಬಂದಾಗ ಕಂಡದ್ದು — ಕುರುಬರ ಓಣಿಯ ಕರಿಸಿದ್ದಪ್ಪನ ಸೊಸೆ ಭಾಗ್ಯಾ. ಅಂಗನವಾಡಿಯ ಹಿಂದಿನ ಹಳೇ ಗೋಡೆಯಿಂದ ಮಣ್ಣಿನ ಹೆಂಟೆ ಕಿತ್ತು ಬಾಯಿಗೆ ಹಾಕಿಕೊಂಡಳು. ನನ್ನನ್ನು ನೋಡಿ ಕೈ ಸೆರಗಿಗೆ ಒರೆಸಿಕೊಂಡಳು. ಇಪ್ಪತ್ತರ ಹುಡುಗಿ. ಮದುವೆಯಾಗಿ ಹತ್ತು ತಿಂಗಳು. ತುಟಿ, ಉಗುರು ಎಲ್ಲ ಬಿಳಿ.

ಮಣ್ಣು ತಿನ್ನುವವಳ ಮೈಯಲ್ಲಿ ರಕ್ತ ಇರುವುದಿಲ್ಲ. ಇವಳದು ಇನ್ನೊಂದು ಸುದ್ದಿಯೂ ಇದೆ. ಹದಿನೆಂಟು ವರ್ಷ ಈ ಕೆಲಸ ಮಾಡಿದ ಮೇಲೆ ನಡಿಗೆ ನೋಡಿದರೆ ಗೊತ್ತಾಗುತ್ತದೆ. ಮೂರು ತಿಂಗಳು.

ಆಗಸ್ಟ್ 13

ಕರಿಸಿದ್ದಪ್ಪನ ಮನೆಗೆ ಹೋಗಿದ್ದೆ. ನೆಪ — ಆಧಾರ್ ನೋಡಬೇಕು. ಅತ್ತೆ ಮೈಲಾರವ್ವ ಪಡಸಾಲೆಯಲ್ಲಿ ಕಾಲು ಚಾಚಿ ಉಣ್ಣೆ ಹಿಂಜುತ್ತಿದ್ದಳು. ಎರಡೂ ಮೊಣಕಾಲು ಊದಿವೆ.

“ಸೊಸಿಗೆ ಎಷ್ಟರಾಗ ಐತಿ ಮೈಲಾರವ್ವ?”

“ಯಾರಿಗ್ರಿ? ನಮ್ಮನ್ಯಾಗ ಅಂಥಾದ್ದೇನಿಲ್ಲ.”

“ಮಣ್ಣು ತಿನ್ನಾಕತ್ತಾಳ.”

“ಹುಡುಗಿ ಐತಿ, ತಿಂತಾಳ. ನೀವೇನ್ ಸಣ್ಣಾಕಿ ಇದ್ದಾಗ ತಿಂದಿಲ್ಲೇನ್ರಿ?”

ಐದನೇ ತಿಂಗಳು ಹತ್ತುವ ತನಕ ಬಾಯಿ ಬಿಡಬಾರದು ಇವರಲ್ಲಿ. ಬಿಟ್ಟರೆ ದೃಷ್ಟಿ ತಾಗುತ್ತದೆ, ಬಸಿರು ನಿಲ್ಲುವುದಿಲ್ಲ. ನಮ್ಮಲ್ಲೂ ಹಾಗೇ ಇತ್ತು. ಮೊದಲನೆಯದಕ್ಕೆ ನಾನೂ ಯಾರಿಗೂ ಹೇಳಿರಲಿಲ್ಲ. ಈಗ ಗೌರವಧನ ತಗೊಂಡು ಬೈಯುತ್ತೇನೆ, ಅಷ್ಟೇ. ಹೇಳದಿದ್ದರೆ ಹೆಸರು ಬರೆಯಲು ಬರುವುದಿಲ್ಲ. ಹೆಸರಿಲ್ಲದಿದ್ದರೆ ಕಬ್ಬಿಣದ ಗುಳಿಗೆ ಇಲ್ಲ, ಮೊಟ್ಟೆ ಇಲ್ಲ, ಸರಕಾರದ ರೊಕ್ಕವೂ ಇಲ್ಲ.

ಬರುವಾಗ ಭಾಗ್ಯಾ ನೀರು ಕೊಟ್ಟಳು. ಚೀಲದಲ್ಲಿದ್ದ ಎರಡು ಶೇಂಗಾ ಚಿಕ್ಕಿ ಕೊಟ್ಟೆ. ಅತ್ತೆ ನೋಡಿದಳು, ನೋಡದ ಹಾಗೆ ಮಾಡಿದಳು.

ಆಗಸ್ಟ್ 29. ಶುಕ್ರವಾರ

ತಾಲೂಕಿನಲ್ಲಿ ಮೀಟಿಂಗ್. ಸೂಪರ್‌ವೈಸರ್ ಮೇಡಂ ಎರಡು ತಾಸು ಮಾತಾಡಿದರು. ಟಾರ್ಗೆಟ್ ಆಗಿಲ್ಲ. ನಮ್ಮೂರಲ್ಲಿ ಹೆಂಗಸರು ಟಾರ್ಗೆಟ್ ನೋಡಿ ಬಸುರಾಗುವುದಿಲ್ಲ ಅಂತ ಹೇಳಬೇಕೆನ್ನಿಸಿತು.

ಊಟದ ಹೊತ್ತಿಗೆ ಧಾರವಾಡದ ಒಬ್ಬ ಹುಡುಗಿ ಬಾಜು ಬಂದು ಕೂತಳು. ಹೆಸರು ಅಮೃತಾ. ಓದುತ್ತಿದ್ದಾಳೆ, ಬಸುರಿಯರಿಗೆ ಕೊಡುವ ರೊಕ್ಕದ ಬಗ್ಗೆ ಏನೋ ಬರೆಯುತ್ತಿದ್ದಾಳೆ.

“ಮೊದಲ ಬಸರಿಗೆ ಐದು ಸಾವಿರ ಕೊಡತಾರಲ್ರಿ. ಹೊಟ್ಯಾಗಿದ್ದಾಗ ಮೂರು, ಹಡದು ಲಸಿಕಿ ಹಾಕಿಸಿದ ಮ್ಯಾಲೆ ಎರಡು. ಅದರಿಂದ ಉಪಯೋಗ ಐತೇನ್ರಿ ಮೇಡಂ?”

“ಯಾರಿಗೆ?”

“ತಾಯಿಗೆ.”

“ತಾಯಿ ಕೈಗೆ ಬಂದ್ರ ನೋಡೂಣು.”

ಹೋದ ವರ್ಷದ್ದು ಹೇಳಿದೆ. ಒಬ್ಬಳದರಲ್ಲಿ ಮಿಕ್ಸರ್ ಬಂತು. ಒಬ್ಬಳದರಲ್ಲಿ ಮೈದುನನ ಫೋನ್. ಒಬ್ಬಳು ಮಾತ್ರ ದಿನಾ ಹಣ್ಣು ತಿಂದಳು, ಹಾಲು ಕುಡಿದಳು — ಅವಳಿಗೆ ಅತ್ತೆ ಇಲ್ಲ.

“ಹಂಗಾದ್ರ ಬಂದ್ ಮಾಡಬೇಕಂತೀರೇನು?”

“ಹಂಗ ಯಾವಾಗ ಅಂದೆ? ಆ ರೊಕ್ಕದಾಗೂ ಮೊಟ್ಟಿ ಕೊಡ್ರಿ. ಮೊಟ್ಟಿ ನನ್ನ ಕಣ್ಣ ಮುಂದ ಹೊಟ್ಟಿಗೆ ಹೋಗತೈತಿ. ರೊಕ್ಕ ಎಲ್ಲಿಗೆ ಹೋಗತೈತಿ ಯಾರು ಕಂಡಾರವಾ?”

ಬರೆದುಕೊಂಡಳು. ಸಣ್ಣ ಹುಡುಗಿ, ಪಾಪ, ಅರ್ಧ ಊಟ ಬಿಟ್ಟಳು. ನಾನೇ ಬೈದು ತಿನ್ನಿಸಿದೆ.

ಸೆಪ್ಟೆಂಬರ್ 18. ಗುರುವಾರ

ಮೈಲಾರವ್ವ ತಾನೇ ಸೊಸೆಯನ್ನು ಕರೆದುಕೊಂಡು ಬಂದಳು. “ಐದರಾಗ ಬಿದ್ದೈತ್ರಿ. ಬರಕೋರಿ.” ಏನೂ ನಡೆದೇ ಇಲ್ಲ ಅನ್ನುವ ಹಾಗೆ.

ಬರೆದುಕೊಂಡೆ. ತಾಯಿ ಕಾರ್ಡ್ ಮಾಡಿಸಿದೆ. ರಕ್ತ ನೋಡಿದರು — 7.2. ಹನ್ನೊಂದಾದರೂ ಇರಬೇಕಿತ್ತು. ನರ್ಸ್ ಇನ್ನೊಮ್ಮೆ ನೋಡಿದಳು, ಅಷ್ಟೇ ಬಂತು. ಈ ರಕ್ತದಲ್ಲಿ ಹೆರಿಗೆಗೆ ಹೋದರೆ ಮಗು ಉಳಿದೀತು, ಇವಳು ಉಳಿಯುತ್ತಾಳೆ ಅಂತ ಹೇಳಲು ಬರುವುದಿಲ್ಲ. ಇದನ್ನು ಅತ್ತೆಗೆ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ತಿಳಿಯಿತೋ ಇಲ್ಲವೋ.

ರೊಕ್ಕದ ಅರ್ಜಿಯನ್ನೂ ಹಾಕಿದೆ. ಭಾಗ್ಯಾಳ ಹತ್ತಿರ ಫೋನ್ ಇಲ್ಲ, ಓಟಿಪಿ ನನ್ನ ನಂಬರಿಗೇ. ಎಲ್ಲರದೂ ಹಾಗೇ ಮಾಡುತ್ತೇನೆ. ಬ್ಯಾಂಕ್ ಖಾತೆ ಯಾವುದು ಅಂದರೆ ಮಾವನ ಮನೆಯ ಪಾಸ್‌ಬುಕ್ ತೋರಿಸಿದರು, ಮದುವೆಯಾದ ಮೇಲೆ ಅವಳ ಹೆಸರಲ್ಲಿ ಮಾಡಿಸಿದ್ದು. ಆಧಾರ್ ಯಾವುದಕ್ಕೆ ಜೋಡಿಸಿದೆ ಅಂತ ಕೇಳಿದೆ. “ಅದಕ್ಕ ಇರಬೇಕ್ರಿ” ಅಂದಳು ಮೈಲಾರವ್ವ. ಭಾಗ್ಯಾ ಏನೂ ಅನ್ನಲಿಲ್ಲ.

ಅಕ್ಟೋಬರ್ 6. ಸೋಮವಾರ

ಹಲೀಮಾಬಿ ಸುದ್ದಿ ತಂದಳು. ದೀಪಾವಳಿ ಆದ ಮೇಲೆ ಕರಿಸಿದ್ದಪ್ಪ ಕುರಿ ಹೊಡೆದುಕೊಂಡು ಕಲಘಟಗಿ ಕಡೆಗೆ ಹೊರಡುತ್ತಾನೆ. ಪ್ರತಿ ವರ್ಷದ್ದೇ. ಮಿಶ್ರಿಕೋಟಿ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಹೊಲದವರಿಗೆ ಗೊಬ್ಬರ, ಇವರಿಗೆ ಕಾಳು. ಬೇಸಿಗೆಗೆ ವಾಪಸ್. ಈ ಸಲ ರೊಟ್ಟಿ ಬಡಿಯಲು, ಮರಿ ನೋಡಲು ಭಾಗ್ಯಾ ಹೋಗುತ್ತಾಳಂತೆ. ಆರನೇ ತಿಂಗಳಲ್ಲಿ, ಏಳು ರಕ್ತದಲ್ಲಿ, ನಡೆದುಕೊಂಡು.

ಸಂಜೆ ಹೋದೆ. ಜಗಳಕ್ಕೇ ಹೋದೆ. ಜಗಳ ಆಗಲಿಲ್ಲ. ಕರಿಸಿದ್ದಪ್ಪ ಕಂಬಳಿ ಹಾಸಿ ಕೂಡಿಸಿದ.

“ನಾ ಸುಳ್ಳ ಹೇಳಂಗಿಲ್ರಿ ಅಕ್ಕೋರ. ನಾನು, ಮಗ ಮಾಳಿಂಗರಾಯ, ಇಬ್ಬರ ಕೈಲೆ ಆಗಂಗಿಲ್ಲ. ಒಬ್ಬ ಹೆಣ್ಣಮಗಳು ಬೇಕು. ಇಕೀಗೆ ಮೊಣಕಾಲಿಲ್ಲ. ಸೊಸಿ ಬರಂಗಿಲ್ಲಂದ್ರ ಆಳು ಹಚ್ಚಬೇಕು. ಕೆಳಗಿನ ಓಣಿ ರೇವವ್ವ ಬರತೀನಿ ಅಂತಾಳ, ಮುಂಗಡ ಮೂರು ಸಾವಿರ ಕೇಳತಾಳ. ನಂದು ಎಲ್ಲಾ ರೊಕ್ಕ ಕುರಿ ಮೈಮ್ಯಾಲೈತಿ.”

“ಕಾಕಾ, ಸರಕಾರದ ಮೂರು ಸಾವಿರ ದೀಪಾವಳಿಗೆ ಬರತೈತಿ. ಅದರಾಗ ರೇವವ್ವನ್ನ ಹಚ್ಚರಿ. ಹುಡುಗಿನ್ನ ಬಿಟ್ಟು ಹೋಗ್ರಿ.”

“ಬರತೈತೇನ್ರಿ ಖರೇನ?”

“ಬರತೈತಿ.”

ಹೇಳಿಬಿಟ್ಟೆ. ಬರುತ್ತದೆ ಅಂತ ಯಾರು ನನಗೆ ಹೇಳಿದ್ದರು?

ಅಕ್ಟೋಬರ್ 15

ಬಂದಿಲ್ಲ. ಆ್ಯಪ್‌ನಲ್ಲಿ ‘ಪರಿಶೀಲನೆಯಲ್ಲಿ’.

ಅಕ್ಟೋಬರ್ 20. ನರಕ ಚತುರ್ದಶಿ

ಬಂದಿಲ್ಲ. ಶನಿವಾರವೇ ಪಾಸ್‌ಬುಕ್ ತುಂಬಿಸಿಕೊಂಡು ಬಂದಿದ್ದ ಮಾಳಿಂಗರಾಯ ತೋರಿಸಿದ. ಬಡ್ಡಿ ನಾಲ್ಕು ರೂಪಾಯಿ ಬಿಟ್ಟರೆ ಏನೂ ಇಲ್ಲ. ಮೇಡಂಗೆ ಫೋನ್ ಮಾಡಿದೆ. ಹಬ್ಬದ ದಿನ ಯಾಕ್ರೀ ಮಹಾನಂದಾ ಅಂದರು. ಸರಿಯೇ.

ಮನೆಯಲ್ಲಿ ಹೋಳಿಗೆ ಸರಿ ಆಗಲಿಲ್ಲ. ಹೂರಣ ಹೊರಗೆ ಬಂತು. ಮನೆಯವರು ಸುಮ್ಮನೆ ತಿಂದರು. ಮನಸ್ಸು ಇಲ್ಲಿಲ್ಲ ಅಂತ ಅವರಿಗೆ ಗೊತ್ತಾಗುತ್ತದೆ.

ಅಕ್ಟೋಬರ್ 24. ಶುಕ್ರವಾರ

ನಾಡಿದ್ದು ಕುರಿ ಹೊರಡುತ್ತವೆ. ಭಾಗ್ಯಾಳ ಗಂಟು ಕಟ್ಟಿ ಆಗಿತ್ತು, ಬಾಗಿಲ ಮರೆಯಲ್ಲಿ ನೋಡಿದೆ.

ಫೋನಿನ ಗಾಜು ಒಡೆದು ಆರು ತಿಂಗಳು. ಹೊಸದಕ್ಕೆ ಅಂತ ಕಾಳಿನ ಡಬ್ಬಿಯಲ್ಲಿ ಇಟ್ಟಿದ್ದೆ. ಅದರಲ್ಲಿ ಮೂರು ಸಾವಿರ ತೆಗೆದೆ. ಕರಿಸಿದ್ದಪ್ಪನ ಕೈಗೆ ಕೊಟ್ಟೆ. “ಬಂತು ಕಾಕಾ. ನಿಮ್ಮ ಖಾತೆ ಜೋಡಿಸಿರಲಿಲ್ಲ, ಹಿಂಗಾಗಿ ಆಫೀಸಿನ್ಯಾಗ ಕೈಯಾಗ ಕೊಟ್ರು.” ಅವನು ನೋಟುಗಳನ್ನು ಕಣ್ಣಿಗೆ ಒತ್ತಿಕೊಂಡ, ಸೊಸೆ ಇಲ್ಲೇ ಇರುತ್ತಾಳೆ ಅಂದ. ನನಗೆ ನಾಚಿಕೆಯಾಯಿತು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಅಂತ ಗೊತ್ತಿರಲಿಲ್ಲ.

ಭಾಗ್ಯಾ ಒಳಗಿಂದ ನೋಡುತ್ತಿದ್ದಳು. ಖುಷಿ ಆಗಬೇಕಿತ್ತು. ಗಂಟು ಬಿಚ್ಚಲು ಎದ್ದು ಹೋದಳು.

ಮನೆಯವರಿಗೆ ಹೇಳಿಲ್ಲ.

ಅಕ್ಟೋಬರ್ 26. ಭಾನುವಾರ

ನಸುಕಿಗೇ ಹೊರಟರು. ತಟ್ಟು ಕುದುರೆಯ ಮೇಲೆ ಮರಿಗಳು, ಹಾಸಿಗೆ, ಹಂಚು. ಹಿಂದೆ ರೇವವ್ವ. ಕರಿಸಿದ್ದಪ್ಪ ಕೊಟ್ಟ ಮಾತು ಉಳಿಸಿಕೊಂಡ. ಭಾಗ್ಯಾ ಊರ ಅಗಸಿ ಬಾಗಿಲ ತನಕ ಹೋಗಿ ನಿಂತಿದ್ದಳು. ಧೂಳು ಇಳಿದ ಮೇಲೂ ನಿಂತಿದ್ದಳು.

ಗೆದ್ದೆ ಅನ್ನಿಸಿತು. ಬರೆದಿಡುತ್ತೇನೆ, ದಿನಾ ಅನ್ನಿಸುವಂಥದ್ದಲ್ಲ.

ಅಕ್ಟೋಬರ್ 28

ಇಬ್ಬರು ಬಸುರಿಯರು ಬಂದರು. ಭಾಗ್ಯಾಂದು ಒಂದು ತಿಂಗಳಿಗೆ ಬಂತು, ನಮ್ಮದು ಐದು ತಿಂಗಳಾದರೂ ಯಾಕಿಲ್ಲ? ಕುರುಬರ ಮನೆಯಿಂದ ತುಪ್ಪ ಬಂತೇನು ಅಂತ ಒಬ್ಬಳು. ಸರ್ವರ್ ತೊಂದರೆ ಅಂದೆ. ಹಲೀಮಾಬಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ತುಪ್ಪ ಬಂದಿದ್ರ ನನಗ ವಾಸನಿ ಬರತಿದ್ದಿಲ್ಲೇನ?” ಹೋದರು.

ಹೋದ ಮೇಲೆ ನನ್ನ ಮುಖ ನೋಡಿ, “ನಿಮ್ಮ ರೊಕ್ಕ ಕೊಟ್ರಿ ಹೌದಲ್ಲ?” ಅಂದಳು. ಹಾಜರಿ ಪುಸ್ತಕ ತೆರೆದೆ. “ಹುಚ್ಚ ಹೆಣ್ಣಮಗಳು” ಅಂದಳು. ಅಕ್ಕೋರ ಅನ್ನಲಿಲ್ಲ.

ನವೆಂಬರ್ 21

ಭಾಗ್ಯಾ ಮೊಟ್ಟೆಗೆ ಬರುತ್ತಿಲ್ಲ. ನಾಲ್ಕು ದಿನ. ಗುಳಿಗೆ ಒಯ್ದಿದ್ದಾಳೆ, ತಿನ್ನುತ್ತಾಳೋ ಇಲ್ಲವೋ. ಮನೆಗೆ ಹೋದರೆ ಕೀಲಿ. ಸರ್ವೇ ಕೆಲಸ ಬೇರೆ ತಲೆ ಮೇಲಿದೆ. ನಾಳೆ ನೋಡಬೇಕು.

ಡಿಸೆಂಬರ್ 10. ಬುಧವಾರ

ನಾಳೆ ಅಂದದ್ದು ಮೂರು ವಾರ ಆಯಿತು.

ಇವತ್ತು ಮೀಟಿಂಗ್‌ನಲ್ಲಿ ಮೇಡಂ ಪಟ್ಟಿ ಓದಿದರು. ಯಾರಿಗೆ ಬಂದಿದೆ, ಯಾರಿಗೆ ಇಲ್ಲ. “ಭಾಗ್ಯಾ ಮಾಳಿಂಗರಾಯ — ಮೊದಲ ಕಂತು ಜಮಾ, ಅಕ್ಟೋಬರ್ ಹದಿಮೂರು.” ಇಲ್ಲರೀ, ಆ್ಯಪ್‌ನಲ್ಲಿ ಇನ್ನೂ ‘ಪರಿಶೀಲನೆಯಲ್ಲಿ’ ಅಂತಲೇ ಇದೆ ಅಂದೆ. ತಿರುಗಿಸಿ ತೋರಿಸಿದರು. ಕಲಘಟಗಿ ಕಡೆಯ ಬ್ಯಾಂಕು. ಆಧಾರ್ ಎಲ್ಲಿ ಜೋಡಿಸಿದೆಯೋ ಅಲ್ಲಿಗೇ ಹೋಗುತ್ತದೆ ರೊಕ್ಕ, ನಾವು ಯಾವ ಪಾಸ್‌ಬುಕ್ ತೋರಿಸಿದರೂ. ಭಾಗ್ಯಾ ಮಿಶ್ರಿಕೋಟಿ ಬಾಜು ಊರಿನವಳು. ಪಿಯುಸಿ ತನಕ ಅಲ್ಲೇ ಓದಿದ್ದು. ಸ್ಕಾಲರ್‌ಶಿಪ್ ಖಾತೆ.

ಹದಿಮೂರು. ನಾನು ಕೊಟ್ಟದ್ದು ಇಪ್ಪತ್ನಾಲ್ಕು. ಅವಳಿಗೆ ಗೊತ್ತಿತ್ತೇ?

ಸಿಟ್ಟು ಬಂದಿದೆ. ಬಹಳ.

ಡಿಸೆಂಬರ್ 11. ಗುರುವಾರ

ಮಧ್ಯಾಹ್ನ ಹುಡುಕಿಕೊಂಡು ಹೋದೆ. ಹಳ್ಳದ ಆಚೆ ಹತ್ತಿ ಹೊಲದಲ್ಲಿ ಸಿಕ್ಕಳು. ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದಳು. ಉಡಿಯ ಕೆಳಗೆ ಹೊಟ್ಟೆ. ಮೂರು ವಾರದಿಂದ ದಿನಾ ಕೂಲಿ. ಪಕ್ಕದ ಸಾಲಿನಲ್ಲಿ ಮೈಲಾರವ್ವ — ಆ ಮೊಣಕಾಲಿನಲ್ಲಿ, ಕೂತು ಸರಿಯುತ್ತ ಸರಿಯುತ್ತ.

ಬೈಯಲು ಬಾಯಿ ತೆರೆದೆ. ಮೈಲಾರವ್ವನೇ ಮೊದಲು ಶುರು ಮಾಡಿದಳು.

“ನೋಡ್ರಿ, ಅಕೀನ್ನ ಕಳಿಸಿ ನಾ ಕಟ್ಟಿ ಮ್ಯಾಲೆ ಕುಂತಿಲ್ಲ. ಗಂಡಸರು ಇಲ್ಲ, ಮನ್ಯಾಗ ಇಬ್ಬರು ಉಣ್ಣೋರು. ನಿಮ್ಮ ಮಾತಿಗೆ ಬಿಟ್ಟು ಹೋದ್ರಲ್ಲ, ಉಣ್ಣೂದು ಬ್ಯಾಡೇನ್ರಿ?”

ಕುರಿಯ ಹಿಂದೆ ಹೋಗಬಾರದು ಅಂತ ನಾನೇ ಅಂದಿದ್ದೆ. ಮನೆಯಲ್ಲಿ ಉಳಿದರೆ ಏನಾಗುತ್ತದೆ ಅಂತ ಯೋಚಿಸಲೇ ಇಲ್ಲ.

ನೀರು ಕುಡಿಯಲು ಭಾಗ್ಯಾಳನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದೆ. ರೊಕ್ಕದ ಬಗ್ಗೆ ಕೇಳಿದೆ. ಮುಚ್ಚಿಡಲಿಲ್ಲ.

“ಬಂದದ್ದು ಗೊತ್ತೈತ್ರಿ. ಅವ್ವನ ಫೋನಿಗೆ ಮೆಸೇಜ್ ಬಂದಿತ್ತು, ಹಬ್ಬದಾಗ ಮನೀ ಫೋನಿಗೆ ಮಾಡಿದಾಗ ನನಗ ಹೇಳಿದ್ಲು. ಎಟಿಎಂ ಕಾರ್ಡ್ ನನ್ನ ಟ್ರಂಕಿನ್ಯಾಗ ಐತಿ.”

“ಮತ್ತ ಯಾಕ ಹೇಳಲಿಲ್ಲ? ನಾ ನಿನ್ನ ಸಲುವಾಗಿ…”

“ಕುರಿ ಎಲ್ಲಿ ನಿಲ್ಲತಾವು ಗೊತ್ತೈತೇನ್ರಿ ಅಕ್ಕೋರ? ನಮ್ಮೂರ ಗದ್ಯಾಗ. ನಮ್ಮವ್ವನ ಮನಿಗೆ ಅರ್ಧ ತಾಸು. ಅಲ್ಲಿ ಮಟ ಹೋಗಿಬಿಟ್ರ ಸಾಕಾಗಿತ್ತು. ಮರಿ ಹಂತ್ಯಾಕ ಕುಂತಿರತಿದ್ದೆ. ಹಾಲಿರತಿತ್ತು. ಅವರಿರತಿದ್ರು.” ಅವರು ಅಂದರೆ ಗಂಡ.

“ನನಗ ಒಂದು ಮಾತು ಹೇಳಬಾರದಿತ್ತೇನ?”

“ನೀವು ಮಾವಗ ಕೇಳಿದ್ರಿ. ಅತ್ತಿಗೆ ಕೇಳಿದ್ರಿ. ನನಗ ಕೇಳಲಿಲ್ರಿ.”

ಹೌದು. ಆಗಸ್ಟಿನಿಂದ ಎಷ್ಟು ಸಲ ಆ ಮನೆಗೆ ಹೋದೆ. ಅವಳ ರಕ್ತ ಕೇಳಿದೆ, ತೂಕ ಕೇಳಿದೆ, ಆಧಾರ್ ಕೇಳಿದೆ.

ಡಿಸೆಂಬರ್ 12

ರಕ್ತ ನೋಡಿಸಿದೆ. 7.6. ಮೂರು ತಿಂಗಳಲ್ಲಿ ಇಷ್ಟು. ಇನ್ನು ಎರಡು ತಿಂಗಳಿದೆ.

ಡಿಸೆಂಬರ್ 15. ಸೋಮವಾರ

ಭಾಗ್ಯಾ ಒಂದು ಉಪಕಾರ ಕೇಳಿದ್ದಾಳೆ. ಶುಕ್ರವಾರ ತಾಲೂಕು ದವಾಖಾನೆಗೆ ಬಾಟ್ಲಿ ಹಚ್ಚಿಸಲು ಕರೆದುಕೊಂಡು ಹೋಗಬೇಕು. ನನ್ನ ಜೊತೆಗಾದರೆ ಮಾತ್ರ ಅತ್ತೆ ಕಳಿಸುತ್ತಾಳೆ. ಅಲ್ಲಿಂದ ಅವಳು ತವರಿಗೆ ಹೋಗುತ್ತಾಳೆ. ವಾಪಸ್ ಬರುವುದಿಲ್ಲ.

ಸೀಮಂತದ ಕುಬಸ ಇನ್ನೂ ಆಗಿಲ್ಲ. ತವರಿನವರು ಸೀರೆ, ಬುತ್ತಿ ತಂದು ಕುಬಸ ಮಾಡಿ ಕರೆದುಕೊಂಡು ಹೋಗಬೇಕು. ಗಂಡಸರು ಕುರಿಯ ಜೊತೆ ಇದ್ದಾರೆ ಅಂತ ಒಂಬತ್ತನೇ ತಿಂಗಳಿಗೆ ಇಟ್ಟಿದ್ದಾರೆ. ಅದಕ್ಕೆ ಮೊದಲು ಬಸುರಿ ಒಬ್ಬಳೇ ತವರಿಗೆ ಹೋದರೆ ಅತ್ತೆ ಹೊರಗೆ ಹಾಕಿದಳು ಅಂತಲೇ ಊರೆಲ್ಲ ಅನ್ನುತ್ತದೆ. ಮೈಲಾರವ್ವ ಓಣಿಯಲ್ಲಿ ತಲೆ ಎತ್ತುವುದು ಹೇಗೆ? ನಾನು ಆ ಓಣಿಗೆ ಕಾಲಿಡುವುದು ಹೇಗೆ?

ಡಿಸೆಂಬರ್ 16

ಅತ್ತೆಗೆ ಹೇಳಿ ಒಪ್ಪಿಸಿದರೆ? ಕುಬಸ ಮುಗಿಯಲಿ ಅನ್ನುತ್ತಾಳೆ. ಹತ್ತಿ ಮುಗಿದರೆ ಮೆಣಸಿನಕಾಯಿ. ಬೇಡ.

ಡಿಸೆಂಬರ್ 17

ತಲೆ ಕೆಟ್ಟಿದೆ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಡಿಸೆಂಬರ್ 19. ಶುಕ್ರವಾರ

ಹೋದಳು.

ಹತ್ತಕ್ಕೆ ದವಾಖಾನೆ. ಬಾಟ್ಲಿ ಇಳಿಯಲು ಒಂದೂವರೆ ತಾಸು. ಕಬ್ಬಿಣದ್ದು, ಕರ್ರಗೆ ಕಾಫಿಯ ಹಾಗೆ. ಉಳಿದ ಡೋಸ್‌ಗಳ ಚೀಟಿ ಬರೆಸಿಕೊಂಡೆ, ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸು ಅಂತ ಮೂರು ಸಲ ಹೇಳಿದೆ. ಮೂರು ಸಲವೂ ಹೂಂ ಅಂದಳು.

ಬಸ್ ಸ್ಟ್ಯಾಂಡ್ ಎದುರಿನ ಎಟಿಎಂ. ಒಂದು ಸಾವಿರ ತೆಗೆದಳು. ನೋಟು ಹಿಡಿದುಕೊಂಡು ಒಂದು ಗಳಿಗೆ ಅಲ್ಲೇ ನಿಂತಳು, ಹಿಂದಿದ್ದವನು ಸರಿಯವ್ವ ಅಂದ. ಆಮೇಲೆ ನನಗೆ ಚಹಾ ಕೊಡಿಸಿದಳು. ತಾನು ಎರಡು ಪ್ಲೇಟ್ ಗಿರ್ಮಿಟ್ ತಿಂದಳು, ಮೇಲೆ ಮೂರು ಬಾಳೆಹಣ್ಣು. ಅವಳು ಹೊಟ್ಟೆ ತುಂಬ ತಿನ್ನುವುದನ್ನು ಇವತ್ತೇ ನೋಡಿದ್ದು.

“ಹೆಣ್ಣಮಕ್ಕಳಿಗೆ ಬಸ್ಸು ಪುಕಟೆ ಐತಿ. ಅಂದ ಮ್ಯಾಲೆ ಈ ರೊಕ್ಕ ಯಾಕ ಬೇಕಿತ್ತು? ಯಾವಾಗರೆ ಹೋಗಬೌದಿತ್ತಲ್ಲ?” ಅಂದೆ.

“ಖಾಲಿ ಕೈಲೆ ಹೋಗಾಕ ಬರತೈತೇನ್ರಿ? ಅಲ್ಲಿ ಅಣ್ಣನ ಹೇಂತಿ ಅದಾಳ. ಎಂಟು ದಿನ ನಗತಾಳ. ಒಂಬತ್ತನೇ ದಿನ ಉಣ್ಣೂ ಗಂಗಾಳ ಕುಕ್ಕತಾಳ. ಮೂರು ಸಾವಿರ ಇದ್ರ ನನ್ನ ಹಾಲು ನಾನ ತರಸತೀನಿ. ಅವ್ವ ಯಾರ ಮುಂದೂ ತಲಿ ತಗ್ಗಸೂದು ಬ್ಯಾಡ.”

ಬಾಳೆಹಣ್ಣಿನ ಸಿಪ್ಪೆ ಮಡಚುತ್ತ: “ನೀವು ಮಾವಗ ಕೊಟ್ಟದ್ದು ನಿಮ್ಮ ಸ್ವಂತ ರೊಕ್ಕ ಅಂತ ಅವತ್ತ ಗೊತ್ತಾತ್ರಿ.”

“ಹೆಂಗ?”

“ಸರಕಾರದ್ದು ಯಾರೂ ಮನೀ ತನಕ ತಂದು ಕೈಯಾಗ ಕೊಡಂಗಿಲ್ರಿ.”

ನಗು ಬಂತು. ಅವಳು ನಗಲಿಲ್ಲ. “ನನ್ನ ಇಟಗೊಳ್ಳಾಕ ನೀವು ಕೊಟ್ರಿ. ಹೋಗಾಕ ಬೇಕಂತ ನಾ ಇಟಗೊಂಡಿದ್ದೆ” ಅಂದಳು. ತೆಗೆದ ನೋಟುಗಳನ್ನು ನನ್ನ ಕಡೆ ಹಿಡಿದಳು, ಉಳಿದದ್ದು ಆಮೇಲೆ ಕೊಡುತ್ತೇನೆ ಅಂದಳು. ಅವಳ ಬ್ಲೌಸಿಗೇ ತುರುಕಿದೆ. ಹಾಲು ಕುಡಿ ಅಂತ ಬೈದೆ.

ಹುಬ್ಬಳ್ಳಿ ಬಸ್ ಬಂತು. ಕಂಡಕ್ಟರ್‌ಗೆ, ಕಲಘಟಗಿ ಬಸ್ ತೋರಿಸಿ ಹತ್ತಿಸು ತಮ್ಮಾ ಅಂದೆ. ಕಿಟಕಿಯಿಂದ ಕೈ ಮಾಡಿದಳು. ನನಗೆ ಅಳು ಬಂತು. ಯಾಕೆ ಅಂತ ಇಲ್ಲ. ಬಂತು.

ಆ ಅಮೃತಾ ಈಗ ಕೇಳಿದರೆ ಏನು ಹೇಳುತ್ತಿದ್ದೆ? ಯಾರಿಗೂ ಗೊತ್ತಿಲ್ಲದ ಖಾತೆಗೆ ಹೋದದ್ದಕ್ಕೆ ಉಪಯೋಗ ಆಯಿತು ಅಂತ ಹೇಳುವುದೇ? ಇದನ್ನು ಯಾವ ಫಾರ್ಮಿನಲ್ಲಿ ಬರೆಯುತ್ತಾಳೆ?

ಸಂಜೆ ಏಳು. ಇನ್ನು ಮೈಲಾರವ್ವ ಬರುತ್ತಾಳೆ.

ಡಿಸೆಂಬರ್ 20

ಬಂದಳು. ಅಂಗಳದಲ್ಲೇ ನಿಂತಳು, ಒಳಗೆ ಬರಲಿಲ್ಲ. ತವರಿಗೆ ಹೋದಳು, ನಾನೇ ಹತ್ತಿಸಿದೆ ಅಂದೆ. ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಓಣಿಯೆಲ್ಲ ಕೇಳುವ ಹಾಗೆ ಕೂಗಿದಳು. ಮನೆ ಮುರುಕಿ ಅಂದಳು. ಕುಬಸ ಇಲ್ಲದೆ ಕಳಿಸಿದಿ, ನನ್ನ ಮುಖಕ್ಕೆ ಸಗಣಿ ಬಡಿದಿ ಅಂದಳು. ‘-ರಿ’ ಎಲ್ಲ ಹೋಗಿತ್ತು. ಹಲೀಮಾಬಿ ಓಡಿ ಬಂದು ಏನೋ ಅನ್ನಲು ಹೋದಳು, ನಾನೇ ಬೇಡ ಅಂದೆ. ಮೈಲಾರವ್ವ ಅಂದದ್ದರಲ್ಲಿ ಸುಳ್ಳೇನಿತ್ತು?

ಮನೆಯವರಿಗೂ ಎಲ್ಲ ಗೊತ್ತಾಯಿತು, ಮೂರು ಸಾವಿರವೂ. “ಫೋನು?” ಅಂದರು. ಅಷ್ಟೇ ಕೇಳಿದ್ದು.

ಡಿಸೆಂಬರ್ 24

ಯಾರೋ ಮೇಲಿನವರಿಗೆ ಹೇಳಿದ್ದಾರೆ. ಲಿಖಿತ ಉತ್ತರ ಕೊಡಬೇಕಂತೆ. ‘ಫಲಾನುಭವಿಯನ್ನು ದಾರಿ ತಪ್ಪಿಸಿದ ಬಗ್ಗೆ.’ ಬರೆದೆ. ಫಲಾನುಭವಿಗೆ ದಾರಿ ಗೊತ್ತಿತ್ತು ಅಂತ ಒಂದು ಸಾಲು ಬರೆದು ಹೊಡೆದು ಹಾಕಿದೆ.

ಜನವರಿ 9, 2026

ಭಾಗ್ಯಾ ಫೋನ್ ಮಾಡಿದ್ದಳು, ತಾಯಿಯ ಫೋನಿನಿಂದ. ಎಲ್ಲ ಡೋಸ್ ಆದವು. ರಕ್ತ 9.4. ಸಂಜೆ ಮಾಳಿಂಗರಾಯ ಕುರಿ ಹಾಲು ತಂದುಕೊಡುತ್ತಾನೆ. ಕರಿಸಿದ್ದಪ್ಪ ಮೊದಲು ಸಿಟ್ಟಾಗಿದ್ದನಂತೆ, ಈಗ ಅವನೂ ಒಂದು ಸಲ ಬಂದು ಬಾಗಿಲಲ್ಲಿ ಕೂತು ಹೋದ. ಅತ್ತಿಗೆ ಗಂಗಾಳ ಕುಕ್ಕುವುದನ್ನು ಇನ್ನೂ ಶುರು ಮಾಡಿಲ್ಲ.

ಅತ್ತಿ ಹೆಂಗದಾರ್ರಿ ಅಂತ ಕೇಳಿದಳು. ಚೆನ್ನಾಗಿದ್ದಾಳೆ ಅಂದೆ. ನನಗೇನು ಗೊತ್ತು? ನನ್ನನ್ನು ಕಂಡರೆ ಮೈಲಾರವ್ವ ದಾರಿ ಬದಲಿಸುತ್ತಾಳೆ. ಹೊಲಕ್ಕೂ ಈಗ ಒಬ್ಬಳೇ.

ಫೆಬ್ರವರಿ 6. ಶುಕ್ರವಾರ

ಬೆಳಿಗ್ಗೆ ಆರಕ್ಕೆ ಭಾಗ್ಯಾಳ ತಾಯಿಯ ಫೋನ್. ಹೆಣ್ಣು. ಎರಡು ಕಿಲೋ ನಾನೂರು. ರಕ್ತ ಬಹಳ ಹೋಯಿತಂತೆ, ಒಂದು ಬಾಟ್ಲಿ ಕೊಟ್ಟರು. ಏಳರ ರಕ್ತದಲ್ಲಿ ಬಂದಿದ್ದರೆ ಇವಳು ಸಿಗುತ್ತಿರಲಿಲ್ಲ ಅಂತ ಅಲ್ಲಿನ ಡಾಕ್ಟರ್ ಹೇಳಿದ್ದಾರೆ. ಈಗ ಮಾತಾಡುತ್ತಾಳೆ. ನನ್ನ ಜೊತೆ ಮಾತಾಡಿದಳು, “ಅಕ್ಕೋರ” ಅಂದಳು, ಅಷ್ಟಕ್ಕೇ ಸುಸ್ತು.

ಮೈಲಾರವ್ವನಿಗೆ ಯಾರು ಹೇಳುವುದು? ನಾನೇ ಹೋದೆ. ಏಳು ವಾರ ಆಗಿತ್ತು ಆ ಹೊಸ್ತಿಲು ತುಳಿದು. ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದಳು. ತಲೆ ಎತ್ತಲಿಲ್ಲ. ಹೇಳಿದೆ.

ಹೆಣ್ಣೋ ಗಂಡೋ ಕೇಳಲಿಲ್ಲ. “ರಕ್ತ ಹೋತೇನ್ರಿ?” ಅಂದಳು.

“ಹೋತು. ಕೊಟ್ಟಾರ. ಅರಾಮದಾಳ.”

ನೂಲು ಹಾಗೇ ಹಿಡಿದಿದ್ದಳು. ನಾನು ಎಲ್ಲ ಹೇಳಿಬಿಟ್ಟೆ. ಆ ಮೂರು ಸಾವಿರ ನನ್ನದು, ಸರಕಾರದ್ದು ಅವಳ ತವರಿನ ಖಾತೆಗೆ ಬಂದಿತ್ತು, ಅದನ್ನು ಇಟ್ಟುಕೊಂಡೇ ಹೋದಳು, ಅದರಲ್ಲೇ ಹಾಲು ಕುಡಿದಳು. ಮತ್ತೆ ಕೂಗುತ್ತಾಳೆ ಅಂದುಕೊಂಡೆ. ಕೂಗಲಿಲ್ಲ.

“ನಂದು ಮೊದಲನೇದು ಅಳ್ನಾವರ ಕಡೆ ಅಡವ್ಯಾಗ ಆತ್ರಿ. ಕುರಿ ಹಟ್ಟಿ ಬಾಜು. ಗಂಡು ಕೂಸು, ಉಳೀಲಿಲ್ಲ. ಎರಡನೇದು ದಾರ್ಯಾಗ ಹೋತು, ನಡಕೋತ ನಡಕೋತ. ಮಾಳಿಂಗರಾಯ ಮೂರನೇಂವ.” ಗೋಡೆ ನೋಡುತ್ತ ಹೇಳಿದಳು. “ಎರಡನೇದರಾಗ ತವರು ಬಾಜೂಕ ಇತ್ತು. ಹೋಗತೀನಿ ಅಂದೆ. ಖಾಲಿ ಕೈಲೆ ಹೆಂಗ ಹೋಗತಿ ಅಂದ್ರು ನಮ್ಮತ್ತಿ. ಖರೇನ, ನನ್ನ ಹಂತ್ಯಾಕ ಒಂದು ರೂಪಾಯಿ ಇರಲಿಲ್ಲ. ಇದ್ದಿದ್ರ ನಾನೂ ಯಾರಿಗೂ ಹೇಳದ ಹೋಗತಿದ್ದೆ.”

ಬಹಳ ಹೊತ್ತು ಕೂತೆ. ಮಧ್ಯಾಹ್ನ ಅಂಗನವಾಡಿಗೆ ತಡವಾಯಿತು, ಹಲೀಮಾಬಿಯೇ ಮಕ್ಕಳಿಗೆ ಬಡಿಸಿದ್ದಳು.

ಫೆಬ್ರವರಿ 7. ಶನಿವಾರ, ಬೆಳಿಗ್ಗೆ 5.50

ಮೊದಲ ಬಸ್ಸಿಗೆ ಮೈಲಾರವ್ವ, ನಾನು ಇಬ್ಬರೂ ಕೂಸು ನೋಡಲು ಹೊರಟಿದ್ದೇವೆ. ರಜೆ ಬರೆದು ಹಲೀಮಾಬಿಗೆ ಕೊಟ್ಟೆ. ಬಸ್ಸಿಗೆ ಹತ್ತು ನಿಮಿಷ ಇದೆ. ಮೈಲಾರವ್ವ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಳೆ. ರಾತ್ರಿಯೇ ಅಂಟಿನ ಉಂಡಿ ಕಟ್ಟಿದ್ದಾಳೆ, ಬಾಣಂತಿಗೆ. ಡಬ್ಬಿ ಮಡಿಲಲ್ಲೇ ಇದೆ, ಕೆಳಗೆ ಇಡುವುದಿಲ್ಲ.

ಆಗಲೇ ಒಳಗೆ ಬಂದು, ಯಾರೂ ಇಲ್ಲ ಅಂತ ನೋಡಿಕೊಂಡು, ದನಿ ತಗ್ಗಿಸಿ ಕೇಳಿದಳು.

“ಇನ್ನೊಂದು ಕಂತು ಬರತೈತಂತಲ್ರಿ, ಎರಡು ಸಾವಿರದ್ದು? ಅದೂ ಅಕೀ ಖಾತ್ಯಾಗ ಬೀಳತೈತಿ ಹೌದಲ್ರಿ?”

ಹೌದು ಅಂದೆ.

“ಅಲ್ಲಿ ಹೋದ ಮ್ಯಾಲೆ ನಮ್ಮ ಮುದುಕನ ಮುಂದ ಬಾಯಿ ಬಿಡಬ್ಯಾಡ್ರಿ. ಮಗನ ಮುಂದೂ ಬ್ಯಾಡ. ಅವರಿಗೆ ಗೊತ್ತಾದ್ರ ಅದರಾಗೂ ಕುರಿ ತರತಾರ.”

ಹೇಳುವುದಿಲ್ಲ ಅಂದೆ. ನಂಬಲಿಲ್ಲ. ಈಗ ಮತ್ತೆ ಬಾಗಿಲಿಗೆ ಬಂದು ನಿಂತಿದ್ದಾಳೆ, ದೇವರ ಮುಂದೆ ಆಣೆ ಮಾಡ್ರಿ ಅನ್ನುತ್ತಿದ್ದಾಳೆ, ಅಲ್ಲಿ ಬಸ್ಸಿನ ಹಾರ್ನ್, ನಾನು ಇನ್ನೂ —